ಎರಡನೇ ಗೇಟ್

ಏಳೂ ಹತ್ತಕ್ಕ ನೀ ಹೊಂಟಿ.
ಬೂದಿ ಬಣ್ಣದ ಕುರ್ತಾ, ಕಾಲಾಗ ಹ್ವಾದ ವರ್ಷದ ಕೊಲ್ಹಾಪುರಿ.
ಹೆಲ್ಮೆಟ್ಟಿನ ಪಟ್ಟಿ ಹತ್ತವಲ್ಲದಂತ
ಗದ್ದ ಎತ್ತಿ ನನ್ನ ಮುಂದ ನಿಂತಿ.
ನಾ ಹಾಕಿದೆ. ಟಕ್ ಅಂತು.
ಇಷ್ಟು ಸಣ್ಣ ಸಪ್ಪಳಕ್ಕ
ಹದಿನಾಕು ವರ್ಷ ಒಮ್ಮೆಲೆ ತಿರುಗಿ ನೋಡ್ತಾವಂತ
ನನಗ ಗೊತ್ತಿರಲಿಲ್ಲ.

ಆರು ತಿಂಗಳು ಮಾತಾಡೇವಿ.
ಮೊದಲು ಕತ್ತಲಾಗ, ಆಮ್ಯಾಗ ಚಾ ಮುಂದಿಟಗೊಂಡು,
ಒಮ್ಮೆ ಖಾನಾಪುರ ರಸ್ತೆದಾಗ ಗಾಡಿ ನಿಲ್ಲಿಸಿ, ಅಳಕೋತ.
ಮೊದಲು ಕೇಳಿದಾಂವ ನಾನ. ಇದು ನೆನಪಿರಲಿ,
ನಾಳೆ ಯಾರರೆ ಕತಿ ತಿರುವಿ ಹೇಳಿದ್ರ.
ಮೂರು ದಿನ ನೀ ಮಾತು ಬಿಟ್ಟಿ,
ನಾಕನೇ ದಿನ ಅನ್ನ ಬಸಿಯೋವಾಗ ಅಂದಿ:
"ಕೇಳಿದ್ದು ನೀ. ಹೆಸರು ಮಾತ್ರ ನನ್ನ ಕಡೆ ಐತಿ."
ಲೈಬ್ರರಿಯ ದತ್ತಪ್ರಸಾದ.
ನನ್ನ ಜೋಡಿನೂ ಎರಡು ಸಲ ಚಾ ಕುಡದಾನ, ಸಕ್ಕರಿ ಇಲ್ಲದ್ದು.

ಫೌಂಡ್ರಿಯ ರಿಜೆಕ್ಷನ್ ಪಟ್ಟಿಯ ಬೆನ್ನ ಮ್ಯಾಲ ಕರಾರು ಬರದ್ವಿ:
ಸುಳ್ಳು ಹೇಳೂದಿಲ್ಲ. ಈ ಮನಿಯಾಗಲ್ಲ.
ಯಾರರೆ ಒಬ್ರು 'ಸಾಕು' ಅಂದ್ರ ಸಾಕು, ಯಾಕಂತ ಕೇಳೂದಿಲ್ಲ.
ಹನ್ನೊಂದರೊಳಗ ಮನಿ.
ಐದನೇದ್ದು ನೀ ಬರದು ನೀನ ಹೊಡದ್ಹಾಕಿದಿ;
ಬೆಳಕಿಗೆ ಹಿಡದು ನೋಡೀನಿ, ಓದಾಕ ಬರೂದಿಲ್ಲ.

ಎಂಟಕ್ಕ ಪಕ್ಕದ ಕಾಕೂ ಕಂಪೌಂಡಿನ ಮ್ಯಾಲಿಂದ:
"ವಹಿನಿ ಕುಠೆ ಗೇಲ್ಯಾ?"
"ಮೈತ್ರಿಣೀಕಡೆ" ಅಂದೆ.
ಇವತ್ತಿನ ಮೊದಲನೇ ಸುಳ್ಳು ನಂದು.
ಕರಾರಿನ್ಯಾಗ ಕಾಕೂನ ಹೆಸರಿಲ್ಲ, ಬಿಡು.

ಜುಣಕ ಮಾಡಿದೆ, ಇಬ್ಬರಿಗೆ ಆಗೂವಷ್ಟು.
ಕದದ ಬಿಜಾಗರಿಗೆ ಎಣ್ಣಿ ಬಿಟ್ಟೆ.
ಹೊಟ್ಟಿಯಾಗ ಉರಿ ಎದ್ದೀತಂತ ಕಾದೆ,
ಜ್ವರಾ ನೋಡೋರಂಗ ಮತ್ತ ಮತ್ತ ಕೈ ಇಟ್ಟು ನೋಡಿದೆ.
ಎದ್ದಿತು, ಖರೆ; ನಾ ಕಾವಲಿದ್ದ ಬಾಗಿಲು ಬಿಟ್ಟು ಬ್ಯಾರೆ ಕಡೆಯಿಂದ.
ಉಪ್ಪಿನಕಾಯಿ ರಸ ಅಷ್ಟ ತಿಂದು
ಹೋಳು ತಾಟಿನ ಅಂಚಿಗೆ ಸಾಲಾಗಿ ಇಡತಿಯಲ್ಲ,
ಅದನ್ನ ಇವತ್ತ ಇನ್ನೊಬ್ಬಾಂವ ನೋಡ್ತಾನ.

ಉದ್ಯಮಬಾಗದಾಗ ಹದಿನೇಳು ವರ್ಷ ಅಳತಿ ಹಿಡದೀನಿ.
ಹೊಸ ಹುಡುಗುರಿಗೆ ಮೊದಲನೇ ದಿನ ನಾ ಹೇಳೂದು ಒಂದ:
ಮೂವತ್ತರ ತೂತಿಗೆ ಇಪ್ಪತ್ತೊಂದು ಮೈಕ್ರಾನಿನ ತನಕ ಸಡಿಲು ಇರಲೋ,
ಬಿಗಿ ಕುಂತ ಶಾಫ್ಟ್ ತಿರುಗೂದಿಲ್ಲ,
ಕಾಯತೈತಿ, ಕಚ್ಚಿ ಹಿಡಿತೈತಿ.
ಇದನ್ನ ನಿನಗೂ ಹೇಳಿದ್ದೆ, ಭಾಳ ಜಂಬದಿಂದ.
"ಸಡಿಲು ಹೆಚ್ಚಾದ್ರ?" ಅಂದಿ.
ಗಡಗಡ ಅಂತೈತಿ.
ಅದನ್ನ ಹೇಳಿರಲಿಲ್ಲ.

ಹತ್ತೂ ಇಪ್ಪತ್ತಕ್ಕ ಫೋನು: "ಹೊಂಟೆ."
ಟಿಳಕವಾಡಿಯ ಥಂಡಿಯಾಗ ಸ್ವೆಟರ್ ಏರಿಸಿ
ಎರಡನೇ ಗೇಟಿನ ತನಕ ನಡದೆ, ಮನಿಯಾಗ ಕುಂಡ್ರಾಕಾಗದ.
ಗೇಟ್ ಬಿದ್ದಿತ್ತು. ಆ ಕಡೆ, ರಿಕ್ಷಾದ ಹಿಂದ, ನೀ,
ಒಂದು ಕಾಲು ನೆಲಕ್ಕ ಊರಿ. ನನ್ನ ನೋಡಿರಲಿಲ್ಲ.
ಅದಿರಿನ ಗೂಡ್ಸ್ ಬಂತು.
ಡಬ್ಬಿ ಡಬ್ಬಿಯ ಸಂದ್ಯಾಗ ಕಂಡಿ, ಹ್ವಾದಿ, ಕಂಡಿ:
ಹೆಲ್ಮೆಟ್ ತಗದು ಮಡಿಲಾಗ ಇಟಗೊಂಡ ನೀ,
ಒಬ್ಬಾಕಿನ ಸಣ್ಣಗ ನಗೂ ನೀ,
ಆಕಳಿಸೂ ನೀ.
ಕನ್ಯಾ ನೋಡಾಕ ಬಂದಾಗೂ ಇಷ್ಟು ದೂರಿಂದ ನೋಡಿರಲಿಲ್ಲ.
ಐವತ್ತೆಂಟು ಡಬ್ಬಿ. ಎಣಿಸಿದೆ, ಚಟಾ ಐತಲ್ಲ.
ಯಾರಾಕಿನೂ ಅಲ್ಲದ ಹೆಣಮಗಳೊಬ್ಬಾಕಿ
ಗೇಟ್ ಕಾಯಾಕತ್ತಾಳಂತ ಅನಿಸಿ ಎದಿ ಝಲ್ ಅಂತು;
ಹೆದರಿಕಿಯೋ ಮತ್ತೊಂದೋ, ಅಳತಿ ಸಿಗಲಿಲ್ಲ.

ಗೇಟ್ ಎದ್ದಿತು. ಹಾರ್ನು, ಹೊಗಿ,
ಎರಡೂ ಕಡೆ ಮಂದಿ ಒಮ್ಮೆಲೆ ನುಗ್ಗಿದ್ರು.
ಹಳಿ ದಾಟಿ ಬಂದು ಗಾಡಿ ನಿಲ್ಲಿಸಿದಿ.
"ಉಂಡ್ಯಾ?"
"ಇಲ್ಲ. ನೀ?"
"ಉಂಡೆ. ಅರ್ಧಾ."
ಹಿಂದ ಹತ್ತಿ ಕುಂತೆ. ನಿನ್ನ ಬೆನ್ನು ತಣ್ಣಗಿತ್ತು.
ತಿರುವಿನ್ಯಾಗ "ಹೇಳಲಾ?" ಅಂದಿ.
"ಜುಣಕ ಆರೇತಿ, ಮೊದಲು ಅದನ್ನ ಬಿಸಿ ಮಾಡೂಣು."
ನೀ ಮತ್ತೇನೋ ಅಂದಿ, ಹೆಲ್ಮೆಟ್ಟಿನ ಒಳಗಿಂದ.
ಕೇಳಿಸಲಿಲ್ಲ. ಐದನೇ ಕರಾರು ಇದ್ದಿರಬಹುದು.
ಕಾಕೂನ ಮನಿಯಾಗ ಇನ್ನೂ ದೀಪ ಇತ್ತು.