ಇಪ್ಪತ್ತು ನಿಮಿಷ

ಇಳಿತದ ಹೊತ್ತು. ನದಿ ಕೆಸರು ಬಿಟ್ಟು ಹಿಂದೆ ಸರಿದಿತ್ತು.
ದೋಣಿಯನ್ನು ಮಂಡಿಯುದ್ದದ ರಾಡಿಯಲ್ಲಿ ಎಳೆದು ತಂದರು,
ಒಳಗೆ ಹುಡುಗ.
"ಹಾವು" ಅಂದರು. ಯಾವ ಹಾವು?
ಒಬ್ಬ ಕಂದು ಅಂದ, ಒಬ್ಬ ಕಪ್ಪು ಅಂದ,
ಅಜ್ಜಿ ಅರುವಾ ಮಾತ್ರ: "ಉದ್ದ."

ಸಾಗುವಿನ ಹಿಟ್ಟು ಇನ್ನೂ ಅಂಟಿತ್ತು ಅವನ ಮೊಣಕಾಲಿಗೆ.
ಹಿಮ್ಮಡಿಯ ಮೇಲೆ ಎರಡು ಗೀರು,
ಬೆಕ್ಕು ಪರಚಿದಷ್ಟು. ಅಷ್ಟೇ.

ಒಂದು ಗಾಜಿನ ನಳಿಗೆ, ಒಣಗಿದ್ದು, ಚೊಕ್ಕಟದ್ದು.
ಅದರಲ್ಲಿ ಬೆರಳಗಲ ರಕ್ತ. ಅಲುಗಿಸದೆ ನಿಲ್ಲಿಸಬೇಕು.
ಇಪ್ಪತ್ತು ನಿಮಿಷಕ್ಕೆ ಒಮ್ಮೆ ವಾಲಿಸಬೇಕು.
ಹೆಪ್ಪುಗಟ್ಟಿದ್ದರೆ ಸರಿ; ನೀರಾಗಿ ಹರಿದರೆ ವಿಷ.
ಇದಿಷ್ಟೇ ನನ್ನ ಪ್ರಯೋಗಾಲಯ.

ಫ್ರಿಜ್ಜಿನಲ್ಲಿ, ದಡಾರದ ಲಸಿಕೆಯ ಪಕ್ಕ,
ಪ್ರತಿವಿಷದ ಒಂದೇ ಒಂದು ಬಾಟಲಿ.
ಮುಂದಿನದು ಬರುವುದು ವಿಮಾನ ಬಂದರೆ,
ವಿಮಾನ ಇಳಿಯುವುದು ಪಟ್ಟಿಯ ಹುಲ್ಲು ಕೊಯ್ದರೆ,
ಹುಲ್ಲು ಕೊಯ್ಯುವುದು ಯಂತ್ರಕ್ಕೆ ಪೆಟ್ರೋಲು ಬಂದರೆ,
ಪೆಟ್ರೋಲು ಬರುವುದು
ವಿಮಾನದಲ್ಲಿ.

ನಾಲ್ಕು ನಿಮಿಷ ಕಳೆದಿದೆ.

ನಾನು ಬೆಟ್ಟದವಳು. ಸಿಂಬುವಿನ ಚಳಿಯವಳು,
ಬೂದಿಯಲ್ಲಿ ಸುಟ್ಟ ಗೆಣಸು ತಿಂದು ಬೆಳೆದವಳು.
ನಡಿಗೆಗೆ ಮೊದಲೇ ಹುಟ್ಟುಹಾಕಲು ಕಲಿಯುವ ಮಕ್ಕಳ ಊರಲ್ಲಿ
ಮೂರು ವರ್ಷದಿಂದ ಈಜು ಬಾರದ ಡಾಕ್ಟರು.
ಹೆರಿಗೆಗೆ ಹೊರಟಾಗಲೆಲ್ಲ ದೋಣಿಯವರು
ನನ್ನ ಸೊಂಟಕ್ಕೆ ಖಾಲಿ ಎಣ್ಣೆಡಬ್ಬ ಕಟ್ಟುತ್ತಾರೆ, ಹಳದಿಯದ್ದು.
ದಂಡೆಯ ಹುಡುಗರು ಬಿದ್ದು ಬಿದ್ದು ನಗುತ್ತಾರೆ,
ಎಲ್ಲರಿಗಿಂತ ಜೋರಾಗಿ ಇವನೇ, ಈ ಕೋಯಿವಿ.
ಈಗ ನಗುತ್ತಿಲ್ಲ.

"ಇದು ಬರಿಯ ಹಾವಲ್ಲ, ಯಾರೋ ಕಳಿಸಿದ್ದು" ಅಂದಳು ಅಜ್ಜಿ.
ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.
ಕಾಲೇಜಿನ ದಿನಗಳಾಗಿದ್ದರೆ ವಾದಕ್ಕಿಳಿಯುತ್ತಿದ್ದೆ.
ಯಾರು ಕಳಿಸಿದರು, ಅವಳ ಪ್ರಶ್ನೆ.
ಏನು ಕಳಿಸಿದರು, ನನ್ನದು.
ಇಬ್ಬರೂ ಒಂದೇ ನಳಿಗೆ ನೋಡುತ್ತ ಕೂತೆವು.

ಹನ್ನೊಂದು.
ಹೋದ ಮಳೆಗಾಲ ಇಷ್ಟು ಕಾಯಲಿಲ್ಲ ನಾನು. ಹೆದರಿ ಕೊಟ್ಟುಬಿಟ್ಟೆ,
ವಿಷವೇ ಇಳಿಯದ ಕಡಿತಕ್ಕೆ.
ಐದನೆಯ ದಿನ ಓಮೆನಿಯ ಹೆಂಡತಿಯನ್ನು ಹೊತ್ತು ತಂದರು.
ಅವಳ ಹೆಸರು ಬರೆಯುವುದಿಲ್ಲ;
ಹೋದವರ ಹೆಸರು ಇಷ್ಟು ಬೇಗ ಎತ್ತಬಾರದು
ಅಂದಿದ್ದಾನೆ ಓಮೆನಿ.
ಅವನು ಈಗಲೂ ನನಗೆ ಮೀನು ತಂದು ಕೊಡುತ್ತಾನೆ.

ಹತ್ತೊಂಬತ್ತು. ಮೊರೆಯಾ ಟಾರ್ಚು ಹಿಡಿದ.
ನಡುಗಿದ್ದು ಅವನ ಕೈಯೋ ನನ್ನದೋ.
ವಾಲಿಸಿದೆ.
ಅಲುಗಲಿಲ್ಲ. ಬಿಸಿನೀರು ಹುಯ್ದ ಸಾಗುವಿನ ಹಾಗೆ
ಗಟ್ಟಿಯಾಗಿ ತಳಕ್ಕೆ ಅಂಟಿಕೊಂಡಿತ್ತು ರಕ್ತ.

ದೋಣಿಯವರು ಕೇಕೆ ಹಾಕಿದರು. ಅಜ್ಜಿ ಹೊಗೆಸೊಪ್ಪು ಸುತ್ತಿ ಹಚ್ಚಿದಳು.
ಪುಸ್ತಕದಲ್ಲಿ ಇನ್ನೂ ಒಂದು ಸಾಲಿದೆ, ಅವರಿಗೆ ಗೊತ್ತಿಲ್ಲ:
ರಕ್ತ ಬಿಟ್ಟು ನರ ಹಿಡಿಯುವ ವಿಷವೂ ಉಂಟು,
ಮೊದಲು ರೆಪ್ಪೆ ಜೋಲುತ್ತದೆ, ಆಮೇಲೆ ಉಸಿರು.
ಹುಡುಗನಿಗೋ ಹತ್ತು ವರ್ಷ,
ಬೆಳಗಿಂದ ಅಜ್ಜಿಯ ಜೊತೆ ಸಾಗು ತೊಳೆದು ದಣಿದಿದ್ದಾನೆ,
ಹೊರಗೆ ಭರತ ಏರುತ್ತಿದೆ, ಕತ್ತಲೆ.
ಜೋಲುತ್ತಿರುವುದು ವಿಷವೋ, ನಿದ್ದೆಯೋ?

ಗಂಟೆಗೊಮ್ಮೆ ಎಬ್ಬಿಸಿದೆ.
ಮೇಲೆ ನೋಡು. ನನ್ನ ಬೆರಳು ನೋಡು. ನಾಲಗೆ ಚಾಚು.
ಹನ್ನೆರಡಕ್ಕೆ ಚಾಚಿದ.
ಎರಡಕ್ಕೆ ಅರ್ಧ ಚಾಚಿದ.
ಮೂರಕ್ಕೆ, ಎಷ್ಟು ಅಲುಗಿಸಿದರೂ ತೆರೆಯದ ಕಣ್ಣು.
ಬಾಟಲಿ ನನ್ನ ಅಂಗೈಯಲ್ಲಿ, ಮುಚ್ಚಳದ ಅಂಚಿಗೆ ಉಗುರು,
ಆಗ
ಎರಡೂ ಕಣ್ಣು ಕೆಂಡದಂತೆ ಅಗಲಿಸಿ
ಕೋಯಿವಿ ಒಂದು ಮಾತು ಹೇಳಿದ.
ನನಗೆ ತಿಳಿಯಲಿಲ್ಲ. ಅಜ್ಜಿ ನಕ್ಕು ನಕ್ಕು ಕೆಮ್ಮಿದಳು.
ಮೊರೆಯಾ ಎಷ್ಟು ಕೇಳಿದರೂ ಅರ್ಥ ಹೇಳಲಿಲ್ಲ;
ಡಬ್ಬಕ್ಕೆ ಸಂಬಂಧಪಟ್ಟದ್ದು, ಅಂದ.

ಬಾಟಲಿಯನ್ನು ಮತ್ತೆ ಲಸಿಕೆಯ ಪಕ್ಕ ಇಟ್ಟೆ.
ಬೆಳಗಿನ ರೇಡಿಯೋದಲ್ಲಿ ವರದಿ ಒಪ್ಪಿಸಿದೆ:
ಹಾವಿನ ಕಡಿತ ಒಂದು. ಸಾವು ಇಲ್ಲ.
ಪ್ರತಿವಿಷ, ಉಳಿದದ್ದು ಒಂದು.
ಹುಲ್ಲು, ಸೊಂಟದಷ್ಟು.