ಚಕ್ಕುಬಂದಿ

ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು, ಜೆರಾಕ್ಸ್ ಅಂಗಡಿ ಪಕ್ಕ
ಇಪ್ಪತ್ತಾರು ವರ್ಷದಿಂದ ಕೂತಿದ್ದೇನೆ.
ಮಂಡ್ಯದ ಅರ್ಧ ಊರನ್ನು
ಒಬ್ಬರ ಹೆಸರಿಂದ ಇನ್ನೊಬ್ಬರ ಹೆಸರಿಗೆ
ಈ ಹತ್ತು ಬೆರಳಲ್ಲಿ ದಾಟಿಸಿದವಳು.
ಮೊದಲು ರೆಮಿಂಗ್ಟನ್ನು, ಈಗ ಕಂಪ್ಯೂಟರು.

ಕ್ರಯಪತ್ರ ನನಗೆ ಬಾಯಿಪಾಠ:
ನಿಧಿ ನಿಕ್ಷೇಪ ಜಲ ಪಾಷಾಣ
ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ.
ಎಂಟು ಭೋಗಗಳನ್ನೂ
ಇಪ್ಪತ್ತು ಮೂವತ್ತರ ಸೈಟಿನೊಳಕ್ಕೆ ತುರುಕಿ
ಆಚಂದ್ರಾರ್ಕವಾಗಿ ಅನುಭವಿಸಿಕೊಳ್ಳಿ ಅಂತ
ಎಷ್ಟು ಜನಕ್ಕೆ ಬರೆದುಕೊಟ್ಟೆನೋ.
ನಿಧಿ ಸಿಕ್ಕಿತು ಅಂತ
ಒಬ್ಬರೂ ವಾಪಸು ಬಂದು ಹೇಳಿದ್ದಿಲ್ಲ.

ನನ್ನದು ಬೇರೆ ಪತ್ರ.
ಹನ್ನೊಂದು ತಿಂಗಳ ಕರಾರು.
ಹನ್ನೆರಡಾದರೆ ರಿಜಿಸ್ಟರ್ ಮಾಡಿಸಬೇಕಲ್ಲ, ಅದಕ್ಕೆ.
ಗುತ್ತಲಿನ ಆ ಮನೆಗೆ ಇದುವರೆಗೆ ಹತ್ತೊಂಬತ್ತು ಪತ್ರ,
ಎಲ್ಲವನ್ನೂ ನಾನೇ ಟೈಪು ಮಾಡಿದ್ದು,
ನನ್ನಿಂದ ನಾನು ಫೀಸು ತಕ್ಕೊಳ್ಳದೆ.
ಪ್ರತಿ ಸಲ ದಿನಾಂಕ ತುಂಬುವಾಗ ಅನ್ನಿಸುತ್ತೆ,
ಆ ಹನ್ನೆರಡನೇ ತಿಂಗಳು
ನಾನು ಎಲ್ಲಿರುತ್ತೇನೆ?

ಒಂದು ಶುಕ್ರವಾರ ಓನರ್ ಜವರಪ್ಪ ಬಂದರು.
ಕಾಫಿ ಕುಡಿದು ಲೋಟ ಬೋರಲು ಹಾಕಿ,
"ಮಾರ್‌ಬುಡ್ತೀನಿ ಕಣವ್ವ. ಬೇರೇವ್ರಿಗ್ಯಾಕೆ, ನೀನೇ ತಕ್ಕೋ.
ಮೂವತ್ತೆಂಟು ಅಂದ್ರೆ ಮೂವತ್ತೆಂಟೇ."
ಆಮೇಲೆ ಮನೆಯನ್ನು ಹೊಗಳಲು ಶುರುಮಾಡಿದರು, ನನ್ನೆದುರಿಗೆ!
ಗಾಳಿ ಬೆಳಕು, ಗಟ್ಟಿ ಪಾಯ, ಸಿಹಿನೀರು.
ನಾನು ಮೇಲೆ ನೋಡಿದೆ.
ಸೂರಿನ ಮೂಲೆಯ ತೇವದ ಕಲೆ
ಮೊದಲು ಅಂಗೈಯಷ್ಟಿತ್ತು,
ಈಗ ಕುರಿಯಷ್ಟಾಗಿದೆ, ಕಾಲೂ ಬಂದಿವೆ.
ಒಂಬತ್ತು ಸಲ ದೂರಿದ್ದೇನೆ ಇದೇ ಜವರಪ್ಪನಿಗೆ.
ಕೊಂಡ ಮೇಲೆ ಯಾರಿಗೆ ದೂರಲಿ?
ಕನ್ನಡಿ ಮುಂದೆ ನಿಂತು
"ಏನವ್ವ, ಸೋರ್ತಾದಲ್ಲ" ಅನ್ನಲೆ?

ಕೆಂಪರಾಜು, ಡೈರಿ ಟೆಂಪೋ ಓಡಿಸಿ ಬಂದವನು,
ಗೋಡೆಗೊರಗಿ ಲೆಕ್ಕ ಹೇಳಿದ:
ಬಾಡಿಗೆ ಎಂಟೂವರೆ. ಕಂತು ಇಪ್ಪತ್ತೆಂಟು.
ಹದಿನೈದು ವರ್ಷ. ಮುಗಿಯುವಾಗ ನಿನಗೆ ಅರವತ್ತಾರು, ನನಗೆ ಎಪ್ಪತ್ತು.
"ಅಷ್ಟೊತ್ಗೆ ಮನೆ ನಮ್ದು, ಮಂಡಿ ಬ್ಯಾಂಕಿಂದು."
ನಕ್ಕೆವು. ಆಮೇಲೆ ನಗಲಿಲ್ಲ.
ನನ್ನದೂ ಒಂದು ಲೆಕ್ಕವಿತ್ತು, ಹೇಳಲಿಲ್ಲ.
ಇದುವರೆಗೆ ಕೊಟ್ಟ ಬಾಡಿಗೆ ಕೂಡಿದರೆ
ಜವರಪ್ಪ ಈ ಮನೆ ಕಟ್ಟಿದ ದುಡ್ಡಿನ ಎರಡು ಪಟ್ಟು.
ಆ ಚೀಟಿ ಉಪ್ಪಿನಕಾಯಿ ಜಾಡಿಯ ಕೆಳಗಿದೆ,
ಎಣ್ಣೆ ಹತ್ತಿ ಅಂಕಿ ದಪ್ಪಗಾಗಿವೆ.

ರಾತ್ರಿ, ಹೇಗೆ ಕಾಣುತ್ತೆ ನೋಡೋಣ ಅಂತ
ಸುಮ್ಮನೆ ಟೈಪು ಮಾಡಿದೆ.
ಕೊಳ್ಳುವವರು: ನೀಲಾಜಿ ಕೋಂ ಕೆಂಪರಾಜು.
ಬೆರಳು ತಡವರಿಸಿತು, ಇಷ್ಟು ಜನರ ಹೆಸರು ಹೊಡೆದ ಬೆರಳು.
ಚಕ್ಕುಬಂದಿಗೆ ಯಾವ ದಾಖಲೆಯೂ ಬೇಕಾಗಲಿಲ್ಲ:
ಪೂರ್ವಕ್ಕೆ ಸಾಕಮ್ಮನ ಹಿಟ್ಟಿನ ಗಿರಣಿಯ ಸದ್ದು,
ಪಶ್ಚಿಮಕ್ಕೆ ರಸ್ತೆ, ಬೆಳಗ್ಗೆ ಐದಕ್ಕೆ ಹೂವಿನವಳು,
ಉತ್ತರಕ್ಕೆ ಖಾಲಿ ನಿವೇಶನ, ಅದರಲ್ಲಿ ಯಾರದೋ ಎಮ್ಮೆ,
ದಕ್ಷಿಣಕ್ಕೆ
ದಕ್ಷಿಣಕ್ಕೆ ಬಟ್ಟೆ ಒಣಹಾಕುವ ತಂತಿ.
ಕಬ್ಬು ಅರೆಯುವ ಕಾಲಕ್ಕೆ ಅದರ ಮೇಲೆ
ಕಾರ್ಖಾನೆಯ ಮಸಿ ಬಂದು ಕೂರುತ್ತೆ.
ಮಸಿ ಯಾವ ಷೆಡ್ಯೂಲಿಗೆ ಸೇರುತ್ತೆ?
ಬೇರೆ ಯಾರಾದರೂ ಇಂಥ ಕರಡು ತಂದಿದ್ದರೆ
ಕೆಂಪು ಗೆರೆ ಎಳೆದು ಕಳಿಸುತ್ತಿದ್ದೆ.

ಹನ್ನೊಂದು ತಿಂಗಳು ಹೇಗೂ ನನ್ನ ಹತ್ತಿರ ಇದೆ.
ಹಾಗಾದರೆ ಉಳಿದ ಆ ಒಂದಕ್ಕೆ
ಮೂವತ್ತೆಂಟು ಲಕ್ಷ.
ದುಬಾರಿ ಅನ್ನಿಸಿತು.
ಎಷ್ಟು ದುಬಾರಿ ಅಂತ ಯೋಚಿಸುತ್ತ ಕೂತಿದ್ದಾಗ
ಪರದೆ ತಾನಾಗಿ ಕಪ್ಪಾಯಿತು.

ಭಾನುವಾರ ಬಚ್ಚಲ ನಲ್ಲಿ ತೊಟ್ಟಿಕ್ಕತೊಡಗಿತು.
ಎಂದಿನಂತೆ ಜವರಪ್ಪನಿಗೆ ಹಚ್ಚಲು ಫೋನು ತೆಗೆದೆ,
ಇಟ್ಟೆ.
ಹಾರ್ಡ್‌ವೇರ್ ಅಂಗಡಿಯಿಂದ ವಾಷರ್ ತಂದು
ಸೀರೆ ಎತ್ತಿಕಟ್ಟಿ ನಾನೇ ಕೂರಿಸಿದೆ.
ಹದಿನೈದು ರೂಪಾಯಿ.
ಒಂದನೇ ತಾರೀಖು ಬಾಡಿಗೆ ಎಣಿಸಿ ಕೊಡುವಾಗ
ಅದನ್ನು ಹಿಡಿದುಕೊಳ್ಳಲಿಲ್ಲ.