ಇಪ್ಪತ್ತಾರು ಅಳಿಸಿ

ನವನಗರ, ಜಿಲ್ಲಾಡಳಿತ ಭವನದ ಎದುರು
ತಾಡಪತ್ರಿಯ ಕೆಳಗೆ ನನ್ನ ಟೇಬಲ್ಲು.
ಪುಟಕ್ಕೆ ಇಪ್ಪತ್ತು ರೂಪಾಯಿ.
ಉತಾರ, ವಾರಸಾ, ವಿಧವಾ ವೇತನ,
ಮುಳುಗಡೆ ಪರಿಹಾರದ ಹದಿನೆಂಟನೆಯ ನೆನಪೋಲೆ.
ಬಾಗಲಕೋಟೆಯ ಸಂಕಟಕ್ಕೆಲ್ಲ
ಕಂಪ್ಯೂಟರಿನೊಳಗೆ ಒಂದೊಂದು ಅಚ್ಚು ಇದೆ,
ಹೆಸರು ತುಂಬಿದರೆ ಆಯಿತು.

ಬಸ್ ಸ್ಟ್ಯಾಂಡಿನ ಹತ್ತಿರ ಸ್ವೆಟರ್ ಮಾರುವ ಯಾಂಗ್ಚೆನ್
ಡಿಸೆಂಬರಿನ ಮಧ್ಯಾಹ್ನ ಬಂದು ಬೆಂಚಿನ ಮೇಲೆ ಕೂತಳು.
"ಅಕ್ಕಾರ, ಒಂದು ಅರ್ಜಿ ಬರೀಬೇಕಾಗೇತ್ರಿ."
ಮುಂಡಗೋಡದ ಕನ್ನಡ, ಸ್ವಲ್ಪ ಮೂಗಿನಿಂದ.

'ಇವರಿಗೆ' ಅಂತ ಹೊಡೆದು ನಿಂತೆ.
ಯಾರಿಗೆ?
ತಹಶೀಲ್ದಾರರಿಗಲ್ಲ, ಡಿಸಿ ಸಾಹೇಬರಿಗೂ ಅಲ್ಲ.
"ಜಿನೀವಾ ಅಂತ ಊರೈತ್ರಿ,
ಅಲ್ಲಿ ಲೋಕದ ಅರ್ಜಿ ತಗೋತಾರ."
ಅದು ಕನ್ನಡದಾಗ ಯಾಕವ್ವ?
"ಇಂಗ್ಲೀಷಿನದು ನಮ್ಮ ಹುಡುಗರು ಬರದಾರ್ರಿ.
ಇದು ಸಹಿ ಮಾಡೋರಿಗೆ.
ಓದದ ಕಾಗದಕ್ಕ ಸಹಿ ಹಾಕಸಬಾರದ್ರಿ."

ಕೈ ಕೀಲಿಮಣೆಯ ಮೇಲೇ ಉಳಿಯಿತು.
ಕಿಲ್ಲಾದ ನಮ್ಮ ಮನೆಗೆ ಟೇಪು ಹಿಡಿದವರು
ಅಪ್ಪನ ಹೆಬ್ಬೆಟ್ಟನ್ನು ತಾವೇ ಶಾಯಿಗೆ ಅದ್ದಿ
ತಾವೇ ಒತ್ತಿಕೊಂಡು ಹೋಗಿದ್ದರು.

ವಿಷಯ: ನಮ್ಗ್ಯಾಲ್, ವಯಸ್ಸು ಇಪ್ಪತ್ತಾರು,
ಅವಳ ಅಕ್ಕನ ಮಗ.
ಅವಳು ಅಪ್ಪನ ಬೆನ್ನ ಮೇಲೆ ಹಿಮ ದಾಟಿದಾಗ
ಅಕ್ಕ ಅಜ್ಜಿಯ ಹತ್ತಿರ ಉಳಿದಳು.
ಹುಡುಗನನ್ನು ಫೋನಿನ ಗಾಜಿನಲ್ಲಿ
ನಾಲ್ಕು ಸಲ ನೋಡಿದ್ದಾಳೆ.
ರಜೆಯಲ್ಲಿ, ಬಾರ್ಲಿ ತುಂಬಿಡುವ ಕೋಣೆಯಲ್ಲಿ
ಹನ್ನೊಂದು ಮಕ್ಕಳನ್ನು ಕೂಡಿಸಿಕೊಂಡು
ಮನೆಮಾತಿನ ಅಕ್ಷರ ತಿದ್ದಿಸುತ್ತಿದ್ದ.
ಒಯ್ದರು. ಎಲ್ಲಿಗೆಂದು ಹೇಳಿಲ್ಲ.

ಯಾವ ಕಲಮು? ರೂಢಿಯಂತೆ ಕೇಳಿದೆ.
"ಗೊತ್ತಿಲ್ರಿ. ಅಕ್ಷರ ಮೂವತ್ತ ಅದಾವು,
ನಿಮ್ಮಷ್ಟಿಲ್ಲ."

ಸ್ವೆಟರ್ ಅಂಗಡಿಯ ಹಗ್ಗಕ್ಕೆ
ಮಕ್ಕಳ ಟೊಪ್ಪಿಗೆಗಳ ನಡುವೆ ಅರ್ಜಿ ತೂಗಿತು.
ಗುಳೇದಗುಡ್ಡದ ಖಣದ ನೇಕಾರ
ಎರಡು ಸಲ ಓದಿ, ತನ್ನ ಪೆನ್ನಿನಿಂದಲೇ ಬರೆದ.
ಬೀಳಗಿಯ ನರ್ಸಬಾಯಿ ವಾರ್ಡಿನವರನ್ನೆಲ್ಲ ಕರೆತಂದಳು.
ಒಬ್ಬ, "ಐವತ್ತು ಕಡಿಮಿ ಮಾಡು, ಸಹಿ ಮಾಡ್ತೀನಿ" ಎಂದ.
ಅವಳು ಐವತ್ತು ಬಿಟ್ಟಳು, ಪೆನ್ನು ಕೊಡಲಿಲ್ಲ.
"ಸ್ವೆಟರ್ ಒಯ್ರಿ ಸರ. ಸಹಿ ಮಾರೂದಿಲ್ಲ."
ರಿಟೈರಾದ ಫೌಜದಾರರು ಕನ್ನಡಕ ಏರಿಸಿ ಕೇಳಿದರು,
ಇದರಿಂದ ಏನಾಗ್ತೈತಿ?
ಏನಾಗ್ತೈತೆಂದು ಅವಳಿಗೂ ತಿಳಿದಿರಲಿಲ್ಲ, ನನಗೂ.
ಮುನ್ನೂರಾ ಹನ್ನೆರಡಕ್ಕೆ ಚಳಿ ಮುಗಿಯಿತು.

ಗಂಟು ಕಟ್ಟುವಾಗ, ಸಮಾಧಾನಕ್ಕೆಂದು ಹೇಳಿದೆ:
ನಮ್ಮ ಊರೂ ಹೋತವ್ವ,
ನಾನೂ ಸೆಕ್ಟರ್ ನಂಬರಿನೊಳಗ ಇರಾಕಿ,
ನೀ ಕ್ಯಾಂಪ್ ನಂಬರಿನೊಳಗ.
ಬ್ಯಾಸಿಗ್ಯಾಗ ಘಟಪ್ರಭಾ ಇಳಿದರ
ನಮ್ಮ ಗ್ವಾಡಿ ಒಂದೀಟು ಕಾಣತೈತಿ.
ಅವಳು ಸ್ವೆಟರಿನ ತೋಳನ್ನು ಹೊಟ್ಟೆಗೆ ಮಡಿಸಿ, ಮತ್ತೆ ಬಿಚ್ಚಿ,
"ನೀವು ಹೋಗಿ ನೋಡಿ ಬರ್ತೀರಿ" ಎಂದಳು.
ಅಷ್ಟೇ.
ಆಮೇಲೆ ನಾನು ಹೋಲಿಸಲಿಲ್ಲ.

ಈ ಡಿಸೆಂಬರ್ ಮತ್ತೆ ಬೆಂಚು.
ಜಿನೀವಾದಿಂದ ಬಂದದ್ದು ಮಸುಕು ಮುದ್ರೆಯ
ಒಂದು ಸ್ವೀಕೃತಿ ಚೀಟಿ.
ಹಳ್ಳಿಯಿಂದ ಅದೂ ಇಲ್ಲ.
"ಹೋದ ವರ್ಷದ್ದ ತಗೀರಿ ಅಕ್ಕಾರ.
ಎಲ್ಲಾ ಹಂಗ ಇರ್ಲಿ.
ಇಪ್ಪತ್ತಾರು ಅಳಿಸಿ ಇಪ್ಪತ್ತೇಳು ಮಾಡ್ರಿ."

ಆರನ್ನು ಅಳಿಸಿದ್ದೆ, ಏಳು ಹೊಡೆದಿರಲಿಲ್ಲ,
ಕರೆಂಟು ಹೋಯಿತು.
ಬರುವ ತನಕ ಏನು ಮಾಡುವುದು?
ನಿಮ್ಮ ಮೂವತ್ತರಾಗ ಒಂದೆರಡು ಹೇಳು, ಕೇಳೂಣು, ಅಂದೆ.
"ಕ, ಖ, ಗ, ಙ."
ಏ, ಇವು ನಮ್ಮವ! ಘ ಎಲ್ಲೈತಿ?
"ಘ ಇಲ್ರಿ."
ಙ ಇಟಗೊಂಡು ಏನ ಮಾಡ್ತೀರಿ,
ನಾವು ಸಾಲಿ ಬಿಟ್ಟ ಮ್ಯಾಲ ಅದನ್ನ ಮುಟ್ಟಿಲ್ಲ.
"ಙ ಅಂದ್ರ ನಮ್ಮೊಳಗ
ನಾನು, ಅಂತ ರೀ."

ಹಾಳೆಯ ಹಿಂಬದಿಗೆ ಬರೆದು ತೋರಿಸಿದಳು.
ನಾನು ಅದರ ಮೇಲೇ ತಿದ್ದಿದೆ, ಸೊಟ್ಟಗಾಯಿತು, ಮತ್ತೆ ತಿದ್ದಿದೆ.
ಬೈಕಿನ ಮೇಲೆ ಪೊಲೀಸಪ್ಪ ಬಂದ,
ನಿಧಾನಿಸಿದ,
"ಅಕ್ಕಾರ, ಕರೆಂಟ್ ಯಾವಾಗ ಬರ್ತೈತ್ರಿ?" ಎಂದು ಕೇಳಿ
ಹಾದು ಹೋದ.